ಕಾಳಿ ಸೇತುವೆ ಕುಸಿತ: ವರ್ತಕನ ಖಾತೆಯಲ್ಲಿ ಕಾಣದ ನಷ್ಟ

ಒಂದು ಸೇತುವೆ ಸಂಚಾರಕ್ಕೆ ಮುಚ್ಚಲ್ಪಟ್ಟಾಗ ಅದರಿಂದ ಆಗುವ ನಷ್ಟವು ಯಾವ ವರ್ತಕನ ಖತಾವಣಿಯಲ್ಲಿಯೂ ‘ಸೇತುವೆ’ ಎಂಬ ಹೆಸರಿನಲ್ಲಿ ಕಾಣಿಸಿಕೊಳ್ಳುವುದಿಲ್ಲ. ಅದು ಸಾಗಣೆ ಬಾಡಿಗೆಯಲ್ಲಿ ಸ್ವಲ್ಪ, ಡೀಸೆಲ್ ವೆಚ್ಚದಲ್ಲಿ ಸ್ವಲ್ಪ, ಬ್ಯಾಂಕಿನ ಬಡ್ಡಿಯಲ್ಲಿ ಸ್ವಲ್ಪ, ಕೆಟ್ಟುಹೋದ ಮಾಲಿನಲ್ಲಿ ಸ್ವಲ್ಪ ಎಂಬಂತೆ ಹಂಚಿಹೋಗುತ್ತದೆ. ವರ್ಷದ ಕೊನೆಯಲ್ಲಿ ಲಾಭ ಕಡಿಮೆಯಾದುದು ಕಾಣುತ್ತದೆಯೇ ಹೊರತು ಕಾರಣ ಕಾಣುವುದಿಲ್ಲ. ಕಾರವಾರ ಮತ್ತು ಅಂಕೋಲಾ ಭಾಗದ ವ್ಯಾಪಾರಸ್ಥರಿಗೆ 2024ರ ಮಳೆಗಾಲವು ಕಲಿಸಿದ ಪಾಠ ಇದೇ ಆಗಿದೆ. ಹಂಚಿಹೋದ ಈ ನಷ್ಟವನ್ನು ಒಂದೆಡೆ ಕೂಡಿಸಿ ಬರೆದಿಟ್ಟುಕೊಳ್ಳದ ಹೊರತು ವಿಮಾ ಕಂಪನಿಯಾಗಲಿ, ಸಾಗಣೆದಾರನಾಗಲಿ, ಸರ್ಕಾರವಾಗಲಿ ಅದನ್ನು ಒಪ್ಪುವ ಸಂಭವ ಕಡಿಮೆ.

ಎರಡು ಕಡೆಯ ಪೆಟ್ಟು

2024ರ ಆಗಸ್ಟ್ 7ರ ನಡುರಾತ್ರಿ 1 ಗಂಟೆಯ ಸುಮಾರಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾರವಾರದ ಕೋಡಿಬಾಗ ಮತ್ತು ಸದಾಶಿವಗಡಗಳ ನಡುವೆ ಕಾಳಿ ನದಿಗೆ ಕಟ್ಟಲಾಗಿದ್ದ ಹಳೆಯ ಸೇತುವೆಯು ಕುಸಿದುಬಿದ್ದಿತು. ಸುಮಾರು ನಾಲ್ಕು ದಶಕ ಹಳೆಯದಾದ ಈ ಸೇತುವೆಯ ಮೇಲೆ ಆ ಹೊತ್ತಿಗೆ ಗೋವಾ ಕಡೆಯಿಂದ ಬರುತ್ತಿದ್ದ ಲಾರಿಯೊಂದು ನದಿಗೆ ಬಿದ್ದಿತು. ಪೊಲೀಸರು ಮತ್ತು ಸ್ಥಳೀಯ ಮೀನುಗಾರರ ಪ್ರಯತ್ನದಿಂದ ಚಾಲಕನು ಬದುಕಿ ಉಳಿದನು. ಹೆದ್ದಾರಿಯ ಚತುಷ್ಪಥ ಯೋಜನೆಯಡಿ ಪಕ್ಕದಲ್ಲಿಯೇ ಹೊಸ ಸೇತುವೆ ನಿರ್ಮಾಣವಾಗಿದ್ದು, ಅಲ್ಲಿಯವರೆಗೆ ಗೋವಾದಿಂದ ಕಾರವಾರಕ್ಕೆ ಬರುವ ವಾಹನಗಳು ಹಳೆಯ ಸೇತುವೆಯನ್ನೂ, ಕಾರವಾರದಿಂದ ಗೋವಾಕ್ಕೆ ಹೋಗುವ ವಾಹನಗಳು ಹೊಸ ಸೇತುವೆಯನ್ನೂ ಬಳಸುತ್ತಿದ್ದವು. ಕುಸಿತದ ನಂತರ ಹೊಸ ಸೇತುವೆಯನ್ನು ಪರಿಶೀಲಿಸಿ ಅದರ ಮೇಲೆಯೇ ಎರಡೂ ದಿಕ್ಕಿನ ಸಂಚಾರಕ್ಕೆ ಅವಕಾಶ ಕಲ್ಪಿಸಲಾಯಿತು. ಎರಡು ಸೇತುವೆಗಳು ಹೊರುತ್ತಿದ್ದ ಭಾರವನ್ನು ಒಂದೇ ಸೇತುವೆ ಹೊರುವಂತಾಯಿತು.

ಇದಕ್ಕೆ ಕೇವಲ 22 ದಿನ ಮೊದಲು, ಜುಲೈ 16ರಂದು, ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಇದೇ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಪ್ರಾಣಹಾನಿ ಸಂಭವಿಸಿತ್ತು. ಅಂಕೋಲಾ ಮತ್ತು ಕುಮಟಾ ನಡುವಣ ನೇರ ಸಂಚಾರವು ಕಡಿದುಹೋಗಿ, ಭಾರಿ ವಾಹನಗಳು ಯಲ್ಲಾಪುರ, ಶಿರಸಿಗಳ ಮೂಲಕ ಘಟ್ಟ ಹತ್ತಿ ಇಳಿಯಬೇಕಾಯಿತು. ಅದಕ್ಕೂ ಹಿಂದಿನ ವರ್ಷ, 2023ರ ಜುಲೈನಲ್ಲಿ, ಕಾರವಾರ ಮತ್ತು ಬಿಣಗಾ ನಡುವಣ ಹೆದ್ದಾರಿ ಸುರಂಗವನ್ನು ಸುರಕ್ಷತೆಯ ಕಾರಣದಿಂದ ಮುಚ್ಚಿ ವಾಹನಗಳನ್ನು ಹಳೆಯ ರಸ್ತೆಗೆ ತಿರುಗಿಸಲಾಗಿತ್ತು.

ಈ ಮೂರು ಘಟನೆಗಳನ್ನು ಬೈತಖೋಲದಲ್ಲಿ ನಿಂತು ನೋಡಿದರೆ ಅವುಗಳ ಅರ್ಥ ಸ್ಪಷ್ಟವಾಗುತ್ತದೆ. ಕಾರವಾರ ವಾಣಿಜ್ಯ ಬಂದರು ಮತ್ತು ಮೀನುಗಾರಿಕಾ ಬಂದರುಗಳೆರಡೂ ಬೈತಖೋಲದಲ್ಲಿವೆ. ಬಂದರಿಗೆ ರೈಲು ಸಂಪರ್ಕವಿಲ್ಲ. ಕೊಂಕಣ ರೈಲ್ವೆಯ ಕಾರವಾರ ನಿಲ್ದಾಣವು ಶಿರವಾಡದಲ್ಲಿದ್ದು, ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗವು ದಶಕಗಳಿಂದ ಬೇಡಿಕೆಯಾಗಿಯೇ ಉಳಿದುಬಂದಿದೆ. ಆದುದರಿಂದ ಇಲ್ಲಿ ಇಳಿಯುವ ಡಾಂಬರಿನಿಂದ ಹಿಡಿದು ದೋಣಿಯಿಂದ ಬರುವ ಮೀನಿನವರೆಗೆ ಎಲ್ಲವೂ ಲಾರಿಯನ್ನೇ ಅವಲಂಬಿಸಿವೆ. ಉತ್ತರಕ್ಕೆ ಹೋದರೆ ಕಾಳಿ ನದಿ. ದಕ್ಷಿಣಕ್ಕೆ ಹೋದರೆ ಗುಡ್ಡ ಮತ್ತು ಸಮುದ್ರಗಳ ನಡುವೆ ಸಿಲುಕಿದ ಹೆದ್ದಾರಿ. ಪೂರ್ವಕ್ಕೆ ಹೋದರೆ ಘಟ್ಟ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿದ್ದು, ಆಗಸ್ಟ್ 1ರಿಂದ ಹೊಸ ಹಂಗಾಮು ಆರಂಭವಾಗುತ್ತದೆ. ಸೇತುವೆ ಬಿದ್ದದ್ದು ಹಂಗಾಮಿನ ಮೊದಲ ವಾರದಲ್ಲಿ. ಎರಡು ತಿಂಗಳು ವರಮಾನವಿಲ್ಲದೆ, ಸಾಲ ಮಾಡಿ ಬಲೆ, ಎಂಜಿನ್, ಡೀಸೆಲ್, ಮಂಜುಗಡ್ಡೆಗಳಿಗೆ ಹಣ ಹೂಡಿದವರಿಗೆ ಅದು ಅತ್ಯಂತ ಕೆಟ್ಟ ಸಮಯವಾಗಿತ್ತು.

ನಷ್ಟದ ಮೂರು ಬಗೆ

ಸೇತುವೆ ಬಂದ್ ಆದಾಗ ಉಂಟಾಗುವ ಹೆಚ್ಚುವರಿ ವೆಚ್ಚವನ್ನು ದೂರ, ಸಮಯ ಮತ್ತು ಅಪಾಯ ಎಂದು ಮೂರು ಭಾಗ ಮಾಡಿಕೊಳ್ಳುವುದು ಅನುಕೂಲ. ಈ ಮೂರರ ಸ್ವಭಾವ ಬೇರೆ ಬೇರೆಯಾಗಿದ್ದು, ಪರಿಹಾರವೂ ಬೇರೆ ಬೇರೆಯಾಗಿರುತ್ತದೆ.

ಮೊದಲನೆಯದು ದೂರದ ವೆಚ್ಚ. ನೇರ ದಾರಿ ಪೂರ್ತಿ ಮುಚ್ಚಿದಾಗ ಇದು ತಲೆದೋರುತ್ತದೆ. ಕಾಳಿಯ ಎರಡೂ ಸೇತುವೆಗಳು ಇಲ್ಲವಾದರೆ ಕಾರವಾರದಿಂದ ಎದುರು ದಂಡೆಯ ಸದಾಶಿವಗಡಕ್ಕೆ ಹೋಗುವ ವಾಹನವು ನದಿಯ ಮೇಲ್ಭಾಗದ ಕದ್ರಾದವರೆಗೆ ಹೋಗಿ ಸುತ್ತಿ ಬರಬೇಕಾಗುತ್ತದೆ. ಉದಾಹರಣೆಗಾಗಿ, ಒಂದು ಲಾರಿಗೆ ಹೋಗುವಾಗ 60 ಕಿ.ಮೀ., ಬರುವಾಗ 60 ಕಿ.ಮೀ. ಹೆಚ್ಚಾಯಿತು ಎಂದಿಟ್ಟುಕೊಳ್ಳೋಣ. ಲೀಟರಿಗೆ 4 ಕಿ.ಮೀ. ಓಡುವ ಲಾರಿಗೆ 30 ಲೀಟರ್ ಡೀಸೆಲ್ ಹೆಚ್ಚು ಬೇಕು. ಲೀಟರಿಗೆ ರೂ. 90ರಂತೆ ಒಂದು ಸುತ್ತಿಗೆ ರೂ. 2,700 ಆಗುತ್ತದೆ. ಈ ವೆಚ್ಚವು ಕಣ್ಣಿಗೆ ಕಾಣುವಂಥದಾದುದರಿಂದ ವರ್ತಕನು ಇದನ್ನು ಸುಲಭವಾಗಿ ಗುರುತಿಸುತ್ತಾನೆ.

ಎರಡನೆಯದು ಸಮಯದ ವೆಚ್ಚ. ಒಂದು ಸೇತುವೆ ಉಳಿದು ಎರಡೂ ದಿಕ್ಕಿನ ವಾಹನಗಳು ಅದರ ಮೇಲೆ ಹೋಗುವಾಗ ದೂರ ಒಂದು ಕಿಲೋಮೀಟರ್ ಸಹ ಹೆಚ್ಚುವುದಿಲ್ಲ. ಹಾಗಾಗಿ ‘ನಮಗೇನೂ ನಷ್ಟವಿಲ್ಲ’ ಎಂದು ಹಲವರು ಭಾವಿಸುತ್ತಾರೆ. ಆದರೆ ಈ ಲೆಕ್ಕವನ್ನು ಗಮನಿಸಬೇಕು. ಒಬ್ಬ ಸಣ್ಣ ಉದ್ಯಮಿಯ ಸ್ವಂತ ವಾಹನಕ್ಕೆ ಸಾಲದ ಕಂತು, ಚಾಲಕನ ಸಂಬಳ, ವಿಮೆ, ತೆರಿಗೆ ಸೇರಿ ದಿನಕ್ಕೆ ರೂ. 3,000 ಸ್ಥಿರ ವೆಚ್ಚವಿದೆ ಎನ್ನೋಣ. ತಿಂಗಳ 26 ಕೆಲಸದ ದಿನಗಳಿಗೆ ಅದು ರೂ. 78,000. ದಿನಕ್ಕೆ ಎರಡು ಸುತ್ತು ಹೊಡೆಯುತ್ತಿದ್ದಾಗ ತಿಂಗಳಿಗೆ 52 ಸುತ್ತು. ಪ್ರತಿ ಸುತ್ತಿನ ಸ್ಥಿರ ವೆಚ್ಚ ರೂ. 1,500. ದಟ್ಟಣೆಯಿಂದಾಗಿ ಎರಡು ದಿನಕ್ಕೆ ಮೂರು ಸುತ್ತು ಮಾತ್ರ ಸಾಧ್ಯವಾದರೆ ತಿಂಗಳಿಗೆ 39 ಸುತ್ತು. ಪ್ರತಿ ಸುತ್ತಿನ ಸ್ಥಿರ ವೆಚ್ಚ ರೂ. 2,000. ಒಂದು ಲೀಟರ್ ಡೀಸೆಲ್ ಹೆಚ್ಚು ಸುಡದೆಯೇ ಸುತ್ತೊಂದಕ್ಕೆ ರೂ. 500 ಏರಿತು. ಈ ಏರಿಕೆಗೆ ಯಾವ ರಸೀದಿಯೂ ಇರುವುದಿಲ್ಲ. ಒಟ್ಟು ವೆಚ್ಚ ಮೊದಲಿನಷ್ಟೇ ರೂ. 78,000 ಇರುವುದರಿಂದ ಖಾತೆಯಲ್ಲಿಯೂ ಅದು ಕಾಣದು. ಕಡಿಮೆಯಾದದ್ದು ಸಾಗಿಸಿದ ಮಾಲು. ಆದುದರಿಂದ ಇದನ್ನು ಹಿಡಿಯಲು ಖರ್ಚಿನ ಖಾತೆಯೊಂದೇ ಸಾಲದು, ಪ್ರತಿ ವಾಹನದ ಸುತ್ತಿನ ದಾಖಲೆಯೂ ಬೇಕು.

ಸಮಯದ ವೆಚ್ಚಕ್ಕೆ ಇನ್ನೊಂದು ಮುಖವಿದೆ. ಕಚ್ಚಾ ಮಾಲು ಯಾವಾಗ ತಲುಪುವುದೋ ತಿಳಿಯದಾದಾಗ ಉದ್ಯಮಿಯು ಮೊದಲಿಗಿಂತ ಹೆಚ್ಚು ದಾಸ್ತಾನು ಇಡುತ್ತಾನೆ. ಸಿದ್ಧ ಮಾಲು ತಡವಾಗಿ ತಲುಪಿದಾಗ ಗಿರಾಕಿಯ ಹಣವೂ ತಡವಾಗಿ ಬರುತ್ತದೆ. ದಿನಕ್ಕೆ ರೂ. 1 ಲಕ್ಷ ಅಸಲು ಬೆಲೆಯ ಮಾಲು ಸಾಗಿಸುವ ಘಟಕದಲ್ಲಿ ಈ ಚಕ್ರವು ಮೂರು ದಿನ ಉದ್ದವಾದರೆ ರೂ. 3 ಲಕ್ಷ ದುಡಿಯುವ ಬಂಡವಾಳವು ಹೆಚ್ಚುವರಿಯಾಗಿ ಸಿಲುಕಿಕೊಳ್ಳುತ್ತದೆ. ಶೇ. 12ರ ಬಡ್ಡಿಯಲ್ಲಿ ಅದು ವರ್ಷಕ್ಕೆ ರೂ. 36,000, ತಿಂಗಳಿಗೆ ರೂ. 3,000. ಬ್ಯಾಂಕಿನಿಂದ ಹೆಚ್ಚುವರಿ ಮಿತಿಯನ್ನು ಕೋರುವಾಗ ಈ ಲೆಕ್ಕವನ್ನು ಬರಹದಲ್ಲಿ ಕೊಟ್ಟರೆ ಮಾತಿಗೆ ತೂಕ ಬರುತ್ತದೆ.

ಮೂರನೆಯದು ಅಪಾಯದ ವೆಚ್ಚ. ಒಂದೇ ಸೇತುವೆ ಉಳಿದಾಗ, ಅದಕ್ಕೂ ತೊಂದರೆಯಾದರೆ ವ್ಯಾಪಾರ ಪೂರ್ತಿ ನಿಲ್ಲುತ್ತದೆ. ಮಾಲು ಹಾಳಾಗುವ, ಒಪ್ಪಂದ ಮುರಿಯುವ, ಗಿರಾಕಿಯು ಬೇರೆ ಊರಿನ ಪೂರೈಕೆದಾರನತ್ತ ತಿರುಗುವ ಸಾಧ್ಯತೆಗಳೆಲ್ಲ ಇದರಲ್ಲಿ ಸೇರುತ್ತವೆ. ಇದನ್ನು ಹಣದಲ್ಲಿ ಅಳೆಯುವುದು ಕಷ್ಟ. ಆದರೆ ವಿಮೆ, ಕರಾರು ಮತ್ತು ತೆರಿಗೆ ದಾಖಲೆಗಳ ಮೂಲಕ ಇದನ್ನು ತಗ್ಗಿಸಿಕೊಳ್ಳಲು ಸಾಧ್ಯವಿದೆ.

ವಿಮೆಯ ಮಾತು

ಸರಕು ಸಾಗಣೆ ವಿಮೆಯನ್ನು ಕೊಳ್ಳುವಾಗ ಬಹುತೇಕ ವರ್ತಕರು ಕಂತಿನ ಮೊತ್ತವನ್ನು ಮಾತ್ರ ನೋಡುತ್ತಾರೆ. ಭಾರತದಲ್ಲಿ ರಸ್ತೆ ಹಾಗೂ ರೈಲು ಸಾಗಣೆಗೆ ಬಳಕೆಯಲ್ಲಿರುವ ಒಳನಾಡು ಸಾಗಣೆ ಷರತ್ತುಗಳು ‘ಎ’, ‘ಬಿ’ ಮತ್ತು ‘ಸಿ’ ಎಂದು ಮೂರು ಬಗೆ. ‘ಸಿ’ ಬಗೆಯಲ್ಲಿ ಬೆಂಕಿ ಮತ್ತು ಸಿಡಿಲಿಗೆ ಮಾತ್ರ ರಕ್ಷಣೆ. ‘ಬಿ’ ಬಗೆಯಲ್ಲಿ ಇವುಗಳ ಜೊತೆಗೆ ವಾಹನದ ಡಿಕ್ಕಿ, ವಾಹನ ಮಗುಚುವಿಕೆ ಮತ್ತು ಸೇತುವೆ ಮುರಿಯುವಿಕೆ ಎಂಬುದನ್ನು ಹೆಸರಿಸಿಯೇ ಸೇರಿಸಲಾಗಿದೆ. ‘ಎ’ ಬಗೆಯು ಹೊರತುಪಡಿಸಿದ ಕಾರಣಗಳನ್ನು ಬಿಟ್ಟು ಉಳಿದೆಲ್ಲ ಅಪಾಯಗಳಿಗೆ ಅನ್ವಯಿಸುತ್ತದೆ. ಕಂತು ಕಡಿಮೆ ಎಂಬ ಕಾರಣಕ್ಕೆ ‘ಸಿ’ ಬಗೆಯನ್ನು ಆರಿಸಿಕೊಂಡವನ ಮಾಲು ಸೇತುವೆಯೊಂದಿಗೆ ನದಿಗೆ ಬಿದ್ದರೆ ಅವನಿಗೆ ದೊರೆಯುವುದು ಏನೂ ಇಲ್ಲ.

ಇನ್ನೊಂದು ಅಂಶ ಇದಕ್ಕಿಂತಲೂ ಮುಖ್ಯ. ಮೂರು ಬಗೆಗಳಲ್ಲಿಯೂ ವಿಳಂಬದಿಂದ ಆಗುವ ನಷ್ಟವನ್ನು ಹೊರಗಿಡಲಾಗಿದೆ. ವಿಳಂಬಕ್ಕೆ ಕಾರಣವಾದ ಘಟನೆಯು ವಿಮೆಗೆ ಒಳಪಟ್ಟದ್ದಾಗಿದ್ದರೂ ಇದು ಅನ್ವಯಿಸುತ್ತದೆ. ಲಾರಿಯು ನದಿಗೆ ಬಿದ್ದು ಹಾಳಾದ ಮೀನಿಗೆ ಪರಿಹಾರ ದೊರೆಯಬಹುದು. ಸೇತುವೆ ಮುಚ್ಚಿದ್ದರಿಂದ ದಂಡೆಯಲ್ಲಿ ನಿಂತ ಲಾರಿಯಲ್ಲಿ ಕೊಳೆತ ಮೀನಿಗೆ ದೊರೆಯದು. ಬೇಗ ಕೆಡುವ ಸರಕಿನ ವ್ಯಾಪಾರಿಯು ಈ ವ್ಯತ್ಯಾಸವನ್ನು ಮೊದಲೇ ಅರಿತು, ಹೆಚ್ಚುವರಿ ಮಂಜುಗಡ್ಡೆ, ಶೀತಲ ವಾಹನ, ಎದುರು ದಂಡೆಯಲ್ಲಿ ಪರ್ಯಾಯ ಗಿರಾಕಿ ಇಂಥ ವ್ಯವಸ್ಥೆಯನ್ನು ತಾನೇ ಮಾಡಿಕೊಳ್ಳತಕ್ಕದ್ದು.

ಕಾರ್ಖಾನೆಯ ಅಗ್ನಿ ವಿಮೆಯ ವಿಷಯದಲ್ಲಿಯೂ ತಪ್ಪು ಗ್ರಹಿಕೆ ಇದೆ. ಲಾಭನಷ್ಟ ವಿಮೆಯು ಸಾಮಾನ್ಯವಾಗಿ ವಿಮೆ ಮಾಡಿಸಿದ ಆವರಣದಲ್ಲಿಯೇ ಭೌತಿಕ ಹಾನಿಯಾಗಿ ಉತ್ಪಾದನೆ ನಿಂತರೆ ಮಾತ್ರ ಅನ್ವಯಿಸುತ್ತದೆ. ಕಾರ್ಖಾನೆ ಸುರಕ್ಷಿತವಾಗಿದ್ದು ಅಲ್ಲಿಗೆ ಹೋಗುವ ದಾರಿ ಮುಚ್ಚಿದರೆ, ಪ್ರವೇಶ ತಡೆಯ ಬಗೆಗಿನ ವಿಸ್ತರಣೆಯನ್ನು ಪ್ರತ್ಯೇಕವಾಗಿ ಪಡೆದಿರದಿದ್ದಲ್ಲಿ ಪರಿಹಾರದ ಪ್ರಶ್ನೆ ಏಳುವುದಿಲ್ಲ. ನವೀಕರಣದ ಸಮಯದಲ್ಲಿ ಈ ವಿಸ್ತರಣೆಯು ಎಷ್ಟು ದೂರದವರೆಗಿನ ಘಟನೆಗೆ ಅನ್ವಯಿಸುತ್ತದೆ ಎಂಬುದನ್ನು ಕೇಳಿ ತಿಳಿಯುವುದು ಒಳ್ಳೆಯದು.

ಸಾಗಣೆದಾರನ ಹೊಣೆ

ಬಾಡಿಗೆ ಲಾರಿಯಲ್ಲಿ ಮಾಲು ಕಳುಹಿಸಿದವನು ನಷ್ಟವನ್ನೆಲ್ಲ ಸಾಗಣೆದಾರನಿಂದ ವಸೂಲು ಮಾಡಬಹುದೆಂದು ನಂಬಿರುತ್ತಾನೆ. 2007ರ ರಸ್ತೆ ಸಾಗಣೆ ಅಧಿನಿಯಮ ಮತ್ತು 2011ರ ನಿಯಮಗಳ ಪ್ರಕಾರ, ಕಳುಹಿಸುವವನು ಹೆಚ್ಚಿನ ಮೌಲ್ಯವನ್ನು ಘೋಷಿಸಿ ಹೆಚ್ಚಿನ ದರ ಒಪ್ಪಿರದಿದ್ದರೆ, ಸಾಮಾನ್ಯ ಸಾಗಣೆದಾರನ ಹೊಣೆಯು ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ರೂ. 6,000 ಬಾಡಿಗೆಯ ಲಾರಿಯಲ್ಲಿ ರೂ. 4 ಲಕ್ಷದ ಮಾಲು ಹೋಗಿ ನಾಶವಾದರೆ ದೊರೆಯಬಹುದಾದ ಗರಿಷ್ಠ ಮೊತ್ತ ರೂ. 60,000 ಮಾತ್ರ. ಅದನ್ನು ಪಡೆಯಲು ಸಹ ಸರಕು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸು ಕೊಟ್ಟಿರಬೇಕು. ಬಾಯಿಮಾತಿನ ಭರವಸೆಯನ್ನು ನಂಬಿ ಕಾಯುತ್ತಾ ಕುಳಿತವನು ಈ ಅವಧಿಯನ್ನು ಕಳೆದುಕೊಂಡರೆ ದಾವೆ ಹೂಡುವ ಹಕ್ಕನ್ನೂ ಕಳೆದುಕೊಳ್ಳುತ್ತಾನೆ.

ಕರಾರಿನ ಪ್ರಶ್ನೆ

ಸೇತುವೆ ಬಿದ್ದಿದೆ, ಆದುದರಿಂದ ಮಾಲು ಪೂರೈಸುವ ಹೊಣೆಯಿಂದ ಬಿಡುಗಡೆ ದೊರೆಯುವುದೇ? 1872ರ ಭಾರತೀಯ ಕರಾರು ಅಧಿನಿಯಮದ 56ನೆಯ ಕಲಮು ಅಸಾಧ್ಯವಾದ ಕೃತ್ಯದ ಕರಾರು ಶೂನ್ಯವಾಗುವುದೆಂದು ಹೇಳುತ್ತದೆ. ಆದರೆ ಅಸಾಧ್ಯವಾಗುವುದು ಬೇರೆ, ದುಬಾರಿಯಾಗುವುದು ಬೇರೆ.

ಈ ವಿಷಯದಲ್ಲಿ ಜಗತ್ತಿನ ವ್ಯಾಪಾರಿಗಳಿಗೆ ಪಾಠವಾದ ಪ್ರಕರಣವೊಂದು 1956ರಲ್ಲಿ ಸೂಯೆಜ್ ಕಾಲುವೆ ಮುಚ್ಚಿದಾಗ ಹುಟ್ಟಿತು. ಸುಡಾನಿನ ಶೇಂಗಾವನ್ನು ಜರ್ಮನಿಯ ಹ್ಯಾಂಬರ್ಗ್ ಬಂದರಿಗೆ ತಲುಪಿಸಲು ಒಪ್ಪಿದ್ದ ಮಾರಾಟಗಾರರು, ಕಾಲುವೆ ಮುಚ್ಚಿದ್ದರಿಂದ ಕರಾರು ಮುರಿದುಬಿತ್ತೆಂದು ವಾದಿಸಿದರು. ಆಫ್ರಿಕಾ ಖಂಡವನ್ನು ಸುತ್ತಿ ಹೋಗುವ ದಾರಿ ತೆರೆದಿತ್ತು. ಅದು ದೂರವೂ ದುಬಾರಿಯೂ ಆಗಿದ್ದರೂ ಅಸಾಧ್ಯವಾಗಿರಲಿಲ್ಲ ಎಂದು ಇಂಗ್ಲೆಂಡಿನ ಅತ್ಯುಚ್ಚ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿತು. ಭಾರತದ ಸರ್ವೋಚ್ಚ ನ್ಯಾಯಾಲಯವೂ 2017ರ ಎನರ್ಜಿ ವಾಚ್‌ಡಾಗ್ ಪ್ರಕರಣದಲ್ಲಿ, ಆಮದು ಕಲ್ಲಿದ್ದಲಿನ ಬೆಲೆ ಏರಿದ್ದರಿಂದ ಕರಾರು ಪಾಲನೆ ಹೊರೆಯಾದ ಮಾತ್ರಕ್ಕೆ ಅದು ಅಸಾಧ್ಯವಾಗದು ಎಂಬ ನಿಲುವನ್ನೇ ತಳೆಯಿತು. ಕಾಳಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಸುತ್ತುದಾರಿ ಇರುವವರೆಗೆ ಪೂರೈಕೆದಾರನ ಹೊಣೆ ಉಳಿಯುವ ಸಂಭವವೇ ಹೆಚ್ಚು.

ಆದುದರಿಂದ ರಕ್ಷಣೆಯನ್ನು ಕರಾರಿನಲ್ಲಿಯೇ ಬರೆದುಕೊಳ್ಳಬೇಕು. ಹೆದ್ದಾರಿ, ಸೇತುವೆ ಅಥವಾ ಘಟ್ಟದ ರಸ್ತೆಯು ಸರ್ಕಾರದ ಆದೇಶದಿಂದಾಗಲಿ ಕುಸಿತದಿಂದಾಗಲಿ ಮುಚ್ಚಿದಲ್ಲಿ ಪೂರೈಕೆಯ ಅವಧಿ ಎಷ್ಟು ದಿನ ವಿಸ್ತರಣೆಯಾಗುವುದು, ಹೆಚ್ಚುವರಿ ಬಾಡಿಗೆಯನ್ನು ಯಾರು ಯಾವ ಪ್ರಮಾಣದಲ್ಲಿ ಭರಿಸುವುದು, ಎಷ್ಟು ದಿನಗಳ ನಂತರ ಯಾವ ಪಕ್ಷವಾದರೂ ಕರಾರನ್ನು ಕೈಬಿಡಬಹುದು ಎಂಬ ಮೂರು ಅಂಶಗಳು ನಾಲ್ಕು ಸಾಲುಗಳಲ್ಲಿ ಮುಗಿಯುತ್ತವೆ.

ಮಾಲಿನ ಅಪಾಯ ಯಾರದೆಂಬುದನ್ನೂ ಸ್ಪಷ್ಟಪಡಿಸಿಕೊಳ್ಳಬೇಕು. 1930ರ ಸರಕು ಮಾರಾಟ ಅಧಿನಿಯಮದ ಪ್ರಕಾರ, ಬೇರೆ ಮಾತಿಲ್ಲದಿದ್ದರೆ, ಒಡೆತನ ಯಾರಿಗೆ ಹೋಗಿದೆಯೋ ಅಪಾಯವೂ ಅವರದೇ. ಮಾರುವವನು ತನ್ನ ಜವಾಬ್ದಾರಿಯಲ್ಲಿ ದೂರದ ಊರಿಗೆ ತಲುಪಿಸಲು ಒಪ್ಪಿದ್ದರೂ, ಸಾಗಣೆಯಲ್ಲಿ ಅನಿವಾರ್ಯವಾಗಿ ಆಗುವ ಕೆಡುವಿಕೆಯನ್ನು ಕೊಳ್ಳುವವನೇ ಸಹಿಸಬೇಕೆಂದು 40ನೆಯ ಕಲಮು ಹೇಳುತ್ತದೆ. ಎರಡು ಗಂಟೆಯ ದಾರಿಗೆ ಹತ್ತು ಗಂಟೆ ಹಿಡಿದು ಮೀನು ಕೆಟ್ಟರೆ ಅದು ಅನಿವಾರ್ಯ ಕೆಡುವಿಕೆಯೇ ಅಲ್ಲವೇ ಎಂಬಲ್ಲಿಯೇ ಜಗಳ ಹುಟ್ಟುತ್ತದೆ. ಬಿಲ್ಲಿನ ಮೇಲೆ ‘ಬೈತಖೋಲ ಧಕ್ಕೆಯಲ್ಲಿ ಒಪ್ಪಿಸಲಾಗಿದೆ’ ಎಂದೋ ‘ಮಡಗಾಂವದಲ್ಲಿ ಒಪ್ಪಿಸತಕ್ಕದ್ದು’ ಎಂದೋ ಬರೆದಿರುವುದು ಅಂಥ ಜಗಳವನ್ನು ಬಹುಮಟ್ಟಿಗೆ ತಪ್ಪಿಸುತ್ತದೆ.

ಪಾವತಿಯ ಗಡುವು ಕೂಡ ಇಲ್ಲಿ ಪ್ರಸ್ತುತ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮದಡಿ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಬರಬೇಕಾದ ಹಣವನ್ನು ಲಿಖಿತ ಒಪ್ಪಂದವಿದ್ದರೂ 45 ದಿನಗಳನ್ನು ಮೀರದಂತೆ ಪಾವತಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲುತ್ತದೆ. ಈ ಅವಧಿಯು ಮಾಲು ಸ್ವೀಕೃತವಾದ ದಿನದಿಂದ ಎಣಿಕೆಯಾಗುತ್ತದೆ. ಬಿಲ್ಲಿನ ದಿನಾಂಕದಿಂದ ಅಲ್ಲ. ಸಾಗಣೆ ತಡವಾಗುವ ದಿನಗಳಲ್ಲಿ ಮಾಲು ತಲುಪಿದ ದಿನಾಂಕವನ್ನು ಗಿರಾಕಿಯ ಸಹಿಯೊಂದಿಗೆ ಪಡೆದಿರುವುದು ಎರಡೂ ಪಕ್ಷಗಳಿಗೆ ಕ್ಷೇಮ.

ತೆರಿಗೆ ದಾಖಲೆಗಳು

ಕಾಳಿ ಸೇತುವೆಯನ್ನು ದಾಟಿ ಕೆಲವೇ ಕಿಲೋಮೀಟರ್ ಹೋದರೆ ಮಾಜಾಳಿಯ ಆಚೆ ಗೋವಾ ರಾಜ್ಯ. ಆದುದರಿಂದ ಇಲ್ಲಿಯ ಸಾಗಣೆಯಲ್ಲಿ ಬಹುಪಾಲು ಅಂತರರಾಜ್ಯದ್ದಾಗಿದ್ದು, ರೂ. 50,000ಕ್ಕಿಂತ ಹೆಚ್ಚಿನ ಮೌಲ್ಯದ ತೆರಿಗೆಯುಳ್ಳ ಸರಕಿಗೆ ಇ-ವೇ ಬಿಲ್ ಕಡ್ಡಾಯ. ತಾಜಾ ಮೀನಿಗೆ ತೆರಿಗೆ ಇಲ್ಲದ್ದರಿಂದ ಅದಕ್ಕೆ ಇದು ಬೇಕಿಲ್ಲ. 2021ರ ಜನವರಿ 1ರಿಂದ ಇ-ವೇ ಬಿಲ್ಲಿನ ಮಾನ್ಯತೆಯು ಪ್ರತಿ 200 ಕಿ.ಮೀ.ಗೆ ಒಂದು ದಿನದಂತೆ ಇದೆ. ನೇರ ದಾರಿಯ ದೂರಕ್ಕೆ ತಕ್ಕಂತೆ ಒಂದು ದಿನದ ಮಾನ್ಯತೆ ಪಡೆದ ವಾಹನವು ಘಟ್ಟ ಸುತ್ತಿ ಹೋಗಬೇಕಾದಾಗ ಅವಧಿ ಮುಗಿದುಹೋಗುವುದು ಸಹಜ. ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯ ನಂತರದವರೆಗೆ ಅದನ್ನು ವಿಸ್ತರಿಸಲು ನಿಯಮದಲ್ಲಿ ಅವಕಾಶವಿದೆ. ಮಾಲನ್ನು ಬೇರೆ ವಾಹನಕ್ಕೆ ಬದಲಿಸಿದರೆ ‘ಬಿ’ ಭಾಗದಲ್ಲಿ ಹೊಸ ವಾಹನದ ಸಂಖ್ಯೆಯನ್ನು ನಮೂದಿಸಬೇಕು. ಇವನ್ನು ಮರೆತು ಸಿಕ್ಕಿಬಿದ್ದರೆ, ಮಾಲಿನ ಒಡೆಯನು ಮುಂದೆ ಬಂದಾಗಲೂ 129ನೆಯ ಕಲಮಿನಡಿ ತೆರಿಗೆಯ ಎರಡು ಪಟ್ಟು ದಂಡ ಬೀಳುತ್ತದೆ.

ರಸ್ತೆ ತಡೆಯಿಂದ ಇ-ವೇ ಬಿಲ್ ಅವಧಿ ಮುಗಿದ ಪ್ರಕರಣವೊಂದು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿದೆ. ತೆಲಂಗಾಣದಲ್ಲಿ 2020ರ ಜನವರಿಯಲ್ಲಿ ಪ್ರತಿಭಟನೆಯಿಂದ ರಸ್ತೆ ಬಂದ್ ಆಗಿ ಕಾಗದದ ಮಾಲು ಸಕಾಲಕ್ಕೆ ತಲುಪದೆ, ಅಧಿಕಾರಿಗಳು ವಾಹನವನ್ನು ತಡೆದು ತೆರಿಗೆ ಮತ್ತು ದಂಡವಾಗಿ ರೂ. 69,000 ವಸೂಲು ಮಾಡಿದ್ದರು. ಅವಧಿ ಮುಗಿದ ಮಾತ್ರಕ್ಕೆ ತೆರಿಗೆ ವಂಚನೆಯ ಉದ್ದೇಶವಿತ್ತೆಂದು ಊಹಿಸಲಾಗದು ಎಂಬ ಉಚ್ಚ ನ್ಯಾಯಾಲಯದ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯವು 2022ರ ಜನವರಿಯಲ್ಲಿ, ಸತ್ಯಂ ಶಿವಂ ಪೇಪರ್ಸ್ ಪ್ರಕರಣದಲ್ಲಿ, ಎತ್ತಿಹಿಡಿದು ಇಲಾಖೆಯ ಮೇಲೆ ಖರ್ಚನ್ನೂ ಹೇರಿತು. ತೀರ್ಪು ವರ್ತಕನ ಪರವಾಗಿದೆ ನಿಜ. ಆದರೆ ಎರಡು ವರ್ಷ ನ್ಯಾಯಾಲಯಕ್ಕೆ ಅಲೆಯುವುದಕ್ಕಿಂತ ಸಕಾಲದಲ್ಲಿ ಅವಧಿ ವಿಸ್ತರಿಸುವುದು ಲೇಸು. ಸಂಚಾರ ನಿರ್ಬಂಧಿಸಿದ ಜಿಲ್ಲಾಡಳಿತದ ಆದೇಶದ ಪ್ರತಿಯೊಂದನ್ನು ಚಾಲಕನ ಬಳಿ ಇರಿಸಿದರೆ ದಾರಿಯಲ್ಲಿ ವಿವರಣೆ ಕೊಡುವುದು ಸುಲಭವಾಗುತ್ತದೆ.

ಇನ್ನೂ ಎರಡು ಸಂಗತಿಗಳು ನೆನಪಿರಬೇಕು. ಕಳೆದುಹೋದ, ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿನ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು 17(5)(ಎಚ್) ಕಲಮಿನಂತೆ ಹಿಂತಿರುಗಿಸಬೇಕು. ಆದುದರಿಂದ ವಿಮಾ ಹಕ್ಕು ಕೇಳುವಾಗ ಈ ತೆರಿಗೆಯ ಮೊತ್ತವೂ ನಷ್ಟದ ಭಾಗವೆಂಬುದನ್ನು ನಮೂದಿಸಬೇಕು, ಮತ್ತು ವಿಮಾ ಮೊತ್ತವನ್ನು ನಿಗದಿಪಡಿಸುವಾಗಲೇ ಅದು ಸೇರಿರಬೇಕು. ಎರಡನೆಯದಾಗಿ, ಸರಕು ಸಾಗಣೆ ಸಂಸ್ಥೆಯು ತಾನೇ ತೆರಿಗೆ ವಿಧಿಸದಿದ್ದಾಗ, ನೋಂದಾಯಿತ ವರ್ತಕನು ಬಾಡಿಗೆಯ ಮೇಲೆ ಶೇ. 5ರ ತೆರಿಗೆಯನ್ನು ವಿಲೋಮ ಪದ್ಧತಿಯಲ್ಲಿ ನಗದಾಗಿಯೇ ಕಟ್ಟಬೇಕು. ಬಾಡಿಗೆ ಏರಿದಂತೆ ಈ ನಗದು ಹೊರೆಯೂ ಏರುತ್ತದೆ. ಜಮೆ ನಂತರ ದೊರೆತರೂ ಆ ತಿಂಗಳ ಹಣದ ಅಗತ್ಯವನ್ನು ಮೊದಲೇ ಲೆಕ್ಕಹಾಕಿರಬೇಕು.

ಒಂದು ಪ್ರತ್ಯೇಕ ಖಾತೆ

ಇಷ್ಟನ್ನೆಲ್ಲ ಸಾಧಿಸಲು ದೊಡ್ಡ ವ್ಯವಸ್ಥೆ ಬೇಕಿಲ್ಲ. ರಸ್ತೆ ಅಥವಾ ಸೇತುವೆ ಮುಚ್ಚಿದ ದಿನವೇ ‘ಸಂಚಾರ ಅಡಚಣೆ ವೆಚ್ಚ’ ಎಂಬ ಹೆಸರಿನ ಖಾತೆಯೊಂದನ್ನು ತೆರೆದು, ಹೆಚ್ಚುವರಿ ಬಾಡಿಗೆ, ಡೀಸೆಲ್, ಚಾಲಕರ ಭತ್ಯೆ, ಮಂಜುಗಡ್ಡೆ, ಗೋದಾಮು ಬಾಡಿಗೆ, ಕೆಟ್ಟ ಮಾಲು ಇವನ್ನು ರಸೀದಿಗಳ ಸಹಿತ ಅದರಲ್ಲಿ ದಾಖಲಿಸಬೇಕು. ಜೊತೆಗೆ ಪ್ರತಿ ವಾಹನ ಹೊರಟ ಸಮಯ, ತಲುಪಿದ ಸಮಯ ಮತ್ತು ಕಿಲೋಮೀಟರ್ ಓದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಹೋಲಿಕೆಗಾಗಿ, ಮುಚ್ಚುವ ಮೊದಲಿನ ಮೂರು ತಿಂಗಳ ಅಂಕಿಗಳನ್ನು ಎತ್ತಿಟ್ಟುಕೊಳ್ಳಬೇಕು. ವರ್ಷಾಂತ್ಯದಲ್ಲಿ ದಾಸ್ತಾನು ಮೌಲ್ಯಮಾಪನ ಮಾಡುವಾಗ, ಲೆಕ್ಕಪತ್ರ ಮಾನದಂಡ 2ರಂತೆ ಅಸಾಮಾನ್ಯ ಪೋಲನ್ನು ದಾಸ್ತಾನಿನ ಬೆಲೆಗೆ ಸೇರಿಸದೆ ಆ ವರ್ಷದ ಖರ್ಚಾಗಿಯೇ ತೋರಿಸಬೇಕಾಗುತ್ತದೆ. ಪ್ರತ್ಯೇಕ ಖಾತೆ ಇದ್ದರೆ ಈ ಕೆಲಸವೂ ಹಗುರವಾಗುತ್ತದೆ.

ಇಂಥ ಖಾತೆಯ ಪ್ರಯೋಜನವು ಒಬ್ಬ ವರ್ತಕನಿಗೆ ಮಾತ್ರ ಸೀಮಿತವಲ್ಲ. ಇದೇ ರಾಷ್ಟ್ರೀಯ ಹೆದ್ದಾರಿಯಲ್ಲಿ, ಮಹಾರಾಷ್ಟ್ರದ ಮಹಾಡ ಬಳಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಸೇತುವೆಯು 2016ರ ಆಗಸ್ಟ್ 2ರಂದು ಕೊಚ್ಚಿಹೋಗಿ ದೊಡ್ಡ ಪ್ರಾಣಹಾನಿಯಾಯಿತು. ಅಲ್ಲಿ ಹೊಸ ಸೇತುವೆಯು 2017ರ ಜೂನ್ 5ರಂದು ಉದ್ಘಾಟನೆಗೊಂಡಿತು. ಹತ್ತು ತಿಂಗಳ ಆ ಅವಧಿಯು ಬಿದ್ದ ಸೇತುವೆಯನ್ನು ಶೀಘ್ರವಾಗಿ ಮತ್ತೆ ಕಟ್ಟಲು ಸಾಧ್ಯವಿದೆ ಎಂಬುದಕ್ಕೆ ಸಾಕ್ಷಿ. ಪಕ್ಕದಲ್ಲಿ ಇನ್ನೊಂದು ಸೇತುವೆ ಇದ್ದು ವಾಹನಗಳು ಹೇಗೋ ಓಡುತ್ತಿರುವಾಗ, ತುರ್ತು ಕಡಿಮೆಯಾಗಿ ಕಾಣುವ ಅಪಾಯವಿರುತ್ತದೆ. ಓಡುತ್ತಿರುವ ವಾಹನಗಳ ಹಿಂದೆ ಎಷ್ಟು ಸುತ್ತು ಕಡಿಮೆಯಾಗಿವೆ, ಎಷ್ಟು ಬಂಡವಾಳ ಸಿಲುಕಿದೆ, ಎಷ್ಟು ಗಿರಾಕಿಗಳು ದೂರವಾಗಿದ್ದಾರೆ ಎಂಬುದನ್ನು ಅಧಿಕಾರಿಗಳ ಮುಂದೆ ಇಡಬಲ್ಲವರು ವರ್ತಕರು ಮಾತ್ರ.

‘ತುಂಬಾ ನಷ್ಟವಾಗಿದೆ’ ಎಂಬ ಮನವಿಪತ್ರಕ್ಕೂ, ಐವತ್ತು ವರ್ತಕರು ಒಂದೇ ನಮೂನೆಯಲ್ಲಿ ಬರೆದ ಆರು ತಿಂಗಳ ಅಂಕಿಗಳನ್ನು ಲಗತ್ತಿಸಿದ ಮನವಿಪತ್ರಕ್ಕೂ ಇರುವ ಅಂತರ ದೊಡ್ಡದು. ವಾಣಿಜ್ಯೋದ್ಯಮ ಸಂಸ್ಥೆಗಳು ತಮ್ಮ ಸದಸ್ಯರಿಗೆ ಇಂಥ ಒಂದು ಪುಟದ ನಮೂನೆಯನ್ನು ಒದಗಿಸಿ, ತಿಂಗಳಿಗೊಮ್ಮೆ ಸಂಗ್ರಹಿಸಿ, ಮೊತ್ತವನ್ನು ಹೆದ್ದಾರಿ ಪ್ರಾಧಿಕಾರ ಮತ್ತು ಜಿಲ್ಲಾಡಳಿತಕ್ಕೆ ಸಲ್ಲಿಸಬಹುದು. ಕರಾವಳಿಯಲ್ಲಿ ಮಳೆಗಾಲ ಪ್ರತಿ ವರ್ಷವೂ ಬರುತ್ತದೆ. ಗುಡ್ಡವೂ ನದಿಯೂ ಇದ್ದಲ್ಲಿಯೇ ಇರುತ್ತವೆ. ಮುಂದಿನ ಜೂನ್ ತಿಂಗಳು ಬರುವ ಮೊದಲು ವಿಮಾ ಪತ್ರದ ಷರತ್ತನ್ನು ಒಮ್ಮೆ ಓದಿ, ಕರಾರಿನಲ್ಲಿ ನಾಲ್ಕು ಸಾಲು ಸೇರಿಸಿ, ಖಾತೆ ಪುಸ್ತಕದಲ್ಲಿ ಒಂದು ಪುಟವನ್ನು ತೆರೆದಿಡುವ ವರ್ತಕನು ಹಣ ಖರ್ಚಿಲ್ಲದೆಯೇ ತನ್ನ ಅಪಾಯದ ಒಂದು ಭಾಗವನ್ನು ಇಳಿಸಿಕೊಂಡಂತಾಗುತ್ತದೆ.